ಊರ ಬಾಗಿಲಲ್ಲಿ ಇಳಿಸುವ ದಯೆ

ಅಪರಿಚಿತರನ್ನು ವಾಹನದಲ್ಲಿ ಕೂರಿಸಿಕೊಳ್ಳಬಾರದೆಂಬುದು ನಗರವಾಸಿಗಳಲ್ಲಿ ಇಂದು ನೀತಿವಾಕ್ಯದ ಸ್ಥಾನವನ್ನು ಪಡೆದಿದೆ. ಹಳ್ಳಿಯವರು ಮುಗ್ಧರು, ಯಾರನ್ನಾದರೂ ಹತ್ತಿಸಿಕೊಂಡಾರು; ಪಟ್ಟಣದಲ್ಲಿ ಅದು ನಡೆಯದು ಎಂಬುದು ಈ ವಾದದ ತಿರುಳು. ಕೇಳುವುದಕ್ಕೆ ಅದು ವಿವೇಕದಂತೆ ತೋರುತ್ತದೆ. ಆದರೆ ಅದರೊಳಗೆ ಅಡಗಿರುವುದು ವಿವೇಕಕ್ಕಿಂತ ಹೆಚ್ಚಾಗಿ ಬಡವನ ಮೇಲಿನ ಅನುಮಾನ.

ಸಿರುಗುಪ್ಪ ತಾಲ್ಲೂಕಿನ ರಾರಾವಿ ವೇದಾವತಿಯ ದಡದ ಊರು. ಪೂರ್ವಕ್ಕೆ ಆಂಧ್ರದ ಆದೋನಿ, ಪಶ್ಚಿಮಕ್ಕೆ ಸಿರುಗುಪ್ಪ. ಅಲ್ಲಿಂದ ದಕ್ಷಿಣಕ್ಕೆ ತೆಕ್ಕಲಕೋಟೆಯ ಮೇಲೆ ಹಾದರೆ ಬಳ್ಳಾರಿ. 1953ರಲ್ಲಿ ಆದೋನಿ ಆಂಧ್ರಕ್ಕೂ ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೂ ಸೇರಿದಂದಿನಿಂದ ಜಿಲ್ಲಾ ಕಚೇರಿ, ಕೋರ್ಟು, ದೊಡ್ಡಾಸ್ಪತ್ರೆ ಎಂದರೆ ಇಲ್ಲಿನವರಿಗೆ ಬಳ್ಳಾರಿಯೇ. ಬಸ್ಸು ತಪ್ಪಿದವನು ರಸ್ತೆಯ ಬದಿಯಲ್ಲಿ ಕೈಯೆತ್ತಿ, “ಅಣ್ಣಾ, ಸಿರುಗುಪ್ಪತನಕ ಡ್ರಾಪ್ ಕೊಡ್ರಿ” ಎನ್ನುತ್ತಾನೆ. ದಾರಿ ಒಂದೇ; ಬರುವ ವಾಹನ ಎತ್ತ ಹೋಗುತ್ತದೆಂದು ನಿಂತವನಿಗೂ ಗೊತ್ತು, ನಿಂತವನು ಎಲ್ಲಿಗೆ ಹೊರಟಿದ್ದಾನೆಂದು ಸವಾರನಿಗೂ ಗೊತ್ತು. ಅರ್ಧ ಮಾತಿನಲ್ಲಿ ಕೆಲಸ ಮುಗಿಯುತ್ತದೆ.

ಕಷ್ಟ ಆರಂಭವಾಗುವುದು ನಗರದ ಬಾಗಿಲಲ್ಲಿ. ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ 2016ರಲ್ಲಿ ಆದೇಶವಾಯಿತು. ಆದೇಶ ಪ್ರಾಣರಕ್ಷಣೆಯದು, ಅದನ್ನು ಹಳಿಯಲಾಗದು. ಆದರೆ ದಾರಿಯಲ್ಲಿ ಹತ್ತಿದವನ ಬಳಿ ಹೆಲ್ಮೆಟ್ ಎಲ್ಲಿಂದ ಬರಬೇಕು? ಪೊಲೀಸರು ಕಾಣುವ ಮೊದಲ ವೃತ್ತಕ್ಕೆ ಮುನ್ನವೇ ಸವಾರ ಅವನನ್ನು ಇಳಿಸಿಬಿಡುತ್ತಾನೆ. ಲಾರಿಯವನು ಹೊರದಾರಿಯಲ್ಲೇ ಇಳಿಸುತ್ತಾನೆ. ಅವನಿಗೆ ಊರೊಳಗೆ ಕೆಲಸವಿಲ್ಲ. ಅಲ್ಲಿಂದ ಮುಂದೆ ಕೈಯೆತ್ತಿದರೆ ನಿಲ್ಲುವುದು ಆಟೋ ಮಾತ್ರ. ವೃತ್ತಕ್ಕೆ ನಾಲ್ಕು ದಾರಿ. ಯಾವ ಕಾರು ಎತ್ತ ತಿರುಗುವುದೋ ತಿಳಿಯದು. ನಿಲ್ಲಿಸಬೇಕೆನ್ನುವ ಸಜ್ಜನನ ಹಿಂದೆಯೂ ಹತ್ತು ಹಾರನ್ನುಗಳು ಮೊಳಗುತ್ತವೆ. ಇಷ್ಟೂ ದೂರ ಉಚಿತವಾಗಿ ಬಂದವನು ಕೊನೆಯ ಎರಡು ಮೂರು ಮೈಲಿಗೆ ಅರ್ಧ ದಿನದ ಕೂಲಿಯನ್ನೋ ಅರ್ಧ ದಿನವನ್ನೋ ತೆರಬೇಕಾಗುತ್ತದೆ.

ಕಾನೂನೂ ದಯಾಳುವನ್ನು ಹೆದರಿಸಿದೆ. 2018ರ ಜೂನ್ ತಿಂಗಳ ಮಳೆಯಲ್ಲಿ ನವಿ ಮುಂಬಯಿಯ ಐರೋಲಿಯ ಬಳಿ ಮೂವರು ಅಪರಿಚಿತರನ್ನು ಕಾರಿಗೆ ಹತ್ತಿಸಿಕೊಂಡವರೊಬ್ಬರು ದಂಡ ತೆರಬೇಕಾಯಿತು. ಪ್ರಯೋಗಿಸಿದ್ದು 1988ರ ಮೋಟಾರು ವಾಹನ ಕಾಯ್ದೆಯ 66ನೆಯ ಕಲಂ. ಸಾರಿಗೆ ವಾಹನವಾಗಿ ಓಡಿಸಲು ಪರ್ಮಿಟ್ ಬೇಕೆನ್ನುವ ಕಲಂ ಅದು. ಹಣ ಪಡೆಯದೆ ಕೂರಿಸಿಕೊಂಡವನನ್ನು ಬಾಡಿಗೆಯವನೆಂದು ಎಣಿಸುವುದು ನ್ಯಾಯವಲ್ಲ. ವಿಮೆಯ ಮಾತು ಇದಕ್ಕಿಂತ ಗಂಭೀರ. ಬರಿಯ ಥರ್ಡ್ ಪಾರ್ಟಿ ವಿಮೆಯಿದ್ದರೆ ಉಚಿತವಾಗಿ ಹಿಂದೆ ಕುಳಿತವನಿಗೆ ಪರಿಹಾರ ಕೊಡುವ ಹೊಣೆ ಕಂಪನಿಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ತೀರ್ಪಿತ್ತಿತು. ಅಪಘಾತವಾದರೆ ಆ ಭಾರ ಮಾಲೀಕನ ತಲೆಗೆ.

ಹೋಲಿಸಿ ನೋಡಬೇಕಾದ ಸಂಗತಿಯೊಂದಿದೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದರೆ ಪೊಲೀಸ್ ಠಾಣೆಗೆ ಅಲೆಯಬೇಕೆಂಬ ಭಯ ಒಮ್ಮೆ ಎಲ್ಲೆಡೆ ಇತ್ತು. 2016ರ ಸರ್ವೋಚ್ಚ ನ್ಯಾಯಾಲಯದ ಆದೇಶ, ಬಳಿಕ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ಅಂಥವರಿಗೆ ರಕ್ಷಣೆ ನೀಡಿದವು. ರಸ್ತೆಯಲ್ಲಿ ರಕ್ತ ಸುರಿಸುತ್ತ ಬಿದ್ದವನನ್ನು ಒಯ್ಯುವವನಿಗೆ ಇರುವ ಅಭಯ, ರಸ್ತೆಯಲ್ಲಿ ಕಾದು ನಿಂತವನನ್ನು ಒಯ್ಯುವವನಿಗೆ ಇಲ್ಲ.

ಇನ್ನು ಭಯದ ಪ್ರಶ್ನೆ. ಒಂಟಿ ಹೆಣ್ಣುಮಗಳು ಅಪರಿಚಿತನ ಕಾರನ್ನು ಹತ್ತಬೇಕೆಂದಾಗಲಿ, ಅವಳೇ ಅಪರಿಚಿತನನ್ನು ಹತ್ತಿಸಿಕೊಳ್ಳಬೇಕೆಂದಾಗಲಿ ಯಾರೂ ಉಪದೇಶಿಸಲಾರರು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ರಾಜ್ಯದೊಳಗೆ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಉಚಿತ ಪ್ರಯಾಣ ನೀಡಿದ್ದು ಈ ದೃಷ್ಟಿಯಿಂದಲೂ ಉಪಕಾರವೇ. ಕೂಲಿಯವರನ್ನು ಗೂಡ್ಸ್ ಗಾಡಿಯಲ್ಲಿ ತುಂಬಿ ಒಯ್ಯುವುದನ್ನೂ ದಯೆಯೆಂದು ಕರೆಯುವಂತಿಲ್ಲ; ಅದು ಪ್ರಾಣದೊಡನೆ ಆಡುವ ಆಟ. ಆದರೆ ಉಳಿದ ಭಯದ ನಡತೆಯನ್ನು ಗಮನಿಸಬೇಕು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚೀಲ ಇದ್ದವನಿಗೆ ಕಾರು ನಿಲ್ಲುತ್ತದೆ. ಗದ್ದೆಯ ಕೆಸರಿನ ಕಾಲಿನವನನ್ನು ಕಂಡರೆ ವೇಗ ಹೆಚ್ಚುತ್ತದೆ. ಕಳ್ಳನಿಗೆ ಇಸ್ತ್ರಿ ಮಾಡಿಸಿಕೊಳ್ಳಲು ಬಾರದೇ? ಬಟ್ಟೆಯನ್ನು ನೋಡಿ ಹುಟ್ಟುವ ಭಯವನ್ನು ಎಚ್ಚರಿಕೆಯೆಂದು ಕರೆಯುವುದು ಆತ್ಮವಂಚನೆ. ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನೂ ದಾನವೆಂದು ಎಣಿಸಿದ ಶ್ರಾವಕರು, ಪ್ರವಚನ ಕೇಳಲು ಐದು ಆಸನದ ಕಾರಿನಲ್ಲಿ ಒಬ್ಬೊಬ್ಬರೇ ಬಂದಿಳಿಯುವುದೂ ಉಂಟು.

ಸೋವಿಯತ್ ಒಕ್ಕೂಟ ಕುಸಿದು ಇಂಧನಕ್ಕೆ ಬರ ಬಂದ 1990ರ ದಶಕದಲ್ಲಿ ಕ್ಯೂಬಾ ದೇಶವು ಹಳದಿ ಸಮವಸ್ತ್ರದ ನೌಕರರನ್ನು ರಸ್ತೆಗಳಲ್ಲಿ ನಿಲ್ಲಿಸಿತು. ಆಸನ ಖಾಲಿಯಿರುವ ಸರ್ಕಾರಿ ವಾಹನವನ್ನು ತಡೆದು, ಕಾದವರನ್ನು ಸರದಿಯಂತೆ ಹತ್ತಿಸುವುದು ಅವರ ಕೆಲಸ. ಹತ್ತುವವನು ಬೇಡುವಂತಿಲ್ಲ, ಚಾಲಕನು ಬಟ್ಟೆ ನೋಡುವಂತಿಲ್ಲ. ಬಳ್ಳಾರಿಗೆ ಕ್ಯೂಬಾದ ಬಡತನ ಬರಬೇಕಿಲ್ಲ. ಸಿರುಗುಪ್ಪ, ಕುರುಗೋಡು ದಾರಿಗಳು ನಗರವನ್ನು ಸೇರುವಲ್ಲಿ ವಾಹನ ನಿಲ್ಲಿಸಲು ಒಂದಿಷ್ಟು ಜಾಗ, ನೆರಳು, ಆಸ್ಪತ್ರೆಯ ಕಡೆ, ಕೋರ್ಟಿನ ಕಡೆ ಎಂಬ ಎರಡು ಫಲಕಗಳು ಇದ್ದರೆ ಅರ್ಧ ತೊಡಕು ನೀಗುತ್ತದೆ. ಅದಕ್ಕೂ ಮೊದಲು, ತಾಲ್ಲೂಕು ಕೇಂದ್ರಗಳಿಂದ ಜಿಲ್ಲಾ ಸಭೆಗೆ ಹೊರಡುವ ಅಧಿಕಾರಿಗಳ ಜೀಪಿನ ಹಿಂದಿನ ಆಸನದಲ್ಲಿ ಕಡತವಲ್ಲದೆ ಬೇರೇನು ಕುಳಿತಿರುತ್ತದೆಂದು ಯಾರಾದರೂ ಕೇಳಬೇಕಾಗಿದೆ.