ಮಿತ್ರ ಸರಿ, ಆದರೆ ಯಾರಿಗೆ?

ಎಂಟನೇ ತರಗತಿಯ 'ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು' ಪಾಠವನ್ನು ನಾವೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಮುಗಿಸುತ್ತೇವೆ. ಬೋರ್ಡಿನ ನಡುವೆ ಒಂದು ಗೆರೆ. ಎಡಕ್ಕೆ ಮೊಸರು, ಇಡ್ಲಿ ಹಿಟ್ಟು, ರೈಜೋಬಿಯಂ. ಬಲಕ್ಕೆ ಕಾಲರಾ, ಟೈಫಾಯ್ಡ್, ಕ್ಷಯ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ನಾನೂ ಹಲವು ವರ್ಷ ಹೀಗೇ ಮಾಡಿದವನು. ಆ ಗೆರೆ ಸಾಲದು ಅಂತ ಅನಿಸಿದ್ದು ಒಂದು ಪೊಂಗಲ್ ರಜೆಯಲ್ಲಿ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ದಿಂಡಿಗಲ್ ಕಡೆಯಲ್ಲೂ, ಮನೆಯೊಳಗೆ ಕನ್ನಡ ಮಾತಾಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ನಮ್ಮ ಅಪ್ಪನ ಕಡೆಯವರು ಕಂಬಂನವರು. ಅಲ್ಲಿ ಒಕ್ಕಲಿಗರು ನೋಡಿಕೊಳ್ಳುವ 'ತಂಬಿರಾನ್ ಮಾಡು' ಎಂಬ ದೇವರ ದನಗಳ ದೊಡ್ಡಿ ಇದೆ. ಮಾಟ್ಟು ಪೊಂಗಲ್ ದಿನ ಊರೇ ಬಂದು ಕೈಮುಗಿಯುತ್ತದೆ. ಎಂಟನೇ ತರಗತಿ ಓದುವ ಅಕ್ಕನ ಮಗಳ ಜೊತೆ ನಾನೂ ಹೋಗಿದ್ದೆ. ಮೇಷ್ಟ್ರ ಚಾಳಿ ಬಿಡಬೇಕಲ್ಲ! ಹುಲ್ಲು ಮೆಲುಕು ಹಾಕುತ್ತಿದ್ದ ಹಸುವನ್ನು ತೋರಿಸಿ, ಹುಲ್ಲಿನ ಸೆಲ್ಯುಲೋಸ್ ಒಡೆಯುವುದು ಹಸುವಲ್ಲ, ಅದರ ರೂಮೆನ್ನಿನಲ್ಲಿರುವ ಸೂಕ್ಷ್ಮಜೀವಿಗಳು ಅಂತ ಹೇಳಿದೆ.

ಅದೇ ಸಂಜೆ ದೊಡ್ಡಪ್ಪನ ದ್ರಾಕ್ಷಿ ತೋಟಕ್ಕೆ ಹೋದೆವು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂ ಪನ್ನೀರ್ ದ್ರಾಕ್ಷಿ. ಚಪ್ಪರದಡಿ ಒದ್ದೆ ಎಲೆಗಳ ಮಧ್ಯೆ ಒಂದು ಕಲ್ಲು ಎತ್ತಿದರೆ ಬೂದು ಬಣ್ಣದ ಹತ್ತಾರು ಹುಳಗಳು ಚದುರಿದವು. ಇಂಗ್ಲಿಷಿನಲ್ಲಿ ವುಡ್‌ಲೌಸ್. ಹೆಸರು ಹೇನು ಎನ್ನುತ್ತದೆ, ಆದರೆ ಹೇನಲ್ಲ, ಕೀಟವೂ ಅಲ್ಲ. ಏಳು ಜೊತೆ ಕಾಲುಗಳಿರುವ ಇದು ಏಡಿ, ಸೀಗಡಿಗಳ ನೆಂಟ. ನೆಲಕ್ಕೆ ಬಂದು ಒಣ ಎಲೆ ತಿಂದು ಬದುಕುವ ವಲ್ಕವಂತ. "ಇದರ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಾ ಇವೆ" ಅಂದೆ. ಹುಡುಗಿ ಕೇಳಿದಳು: "ಅವು ಮಿತ್ರನಾ, ಶತ್ರುನಾ ಮಾವ?"

ಉತ್ತರಕ್ಕೆ ಆಮೇಲೆ ನಾನೇ ಓದಬೇಕಾಯಿತು.

ಈ ಪ್ರಾಣಿಯ ಕರುಳಿನ ಆರಂಭದಲ್ಲಿ ಉದ್ದನೆಯ ಕೊಳವೆಗಳಂಥ ಗ್ರಂಥಿಗಳಿವೆ. ನಮ್ಮ ಯಕೃತ್ತು ಮತ್ತು ಮೇದೋಜೀರಕ ಮಾಡುವ ಎರಡೂ ಬಗೆಯ ಕೆಲಸ ಅವುಗಳದ್ದು. ಆ ಕೊಳವೆಗಳೊಳಗೆ ವಾಸಿಸುವ ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನು ಪೋರ್ಸೆಲಿಯೊ ಸ್ಕೇಬರ್ ಎಂಬ ಪ್ರಭೇದದಲ್ಲಿ ಗುರುತಿಸಿ 2004ರಲ್ಲಿ ಹೆಸರಿಟ್ಟರು. ಒಂದು ಹೆಪಟೋಪ್ಲಾಸ್ಮಾ, ಇನ್ನೊಂದು ಹೆಪಟಿಂಕೋಲಾ. ಸತ್ವವಿಲ್ಲದ ಆಹಾರ ಸಿಕ್ಕಾಗ ಹೆಪಟೋಪ್ಲಾಸ್ಮಾ ಇರುವ ಪ್ರಾಣಿಗಳು ಹೆಚ್ಚು ಬದುಕುಳಿಯುತ್ತವೆ ಎಂದು 2008ರ ಅಧ್ಯಯನ ತೋರಿಸಿತು. ಹಾಗಂತ ಇದು ಹಸುವಿನ ಕಥೆಯೇ ಅಲ್ಲ. ಎಲೆಯ ನಾರು ಒಡೆಯುವ ಕಿಣ್ವಗಳಲ್ಲಿ ಕೆಲವನ್ನು ವುಡ್‌ಲೌಸ್ ತಾನೇ ತಯಾರಿಸುತ್ತದೆ, ಕೆಲವು ಅದರೊಳಗಿನ ಬ್ಯಾಕ್ಟೀರಿಯಾಗಳಿಂದ ಬರುತ್ತವೆ. ಅಡುಗೆ ಇಬ್ಬರದೂ ಸೇರಿ.

ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇನ್ನೊಂದು. ಈ ಹೆಪಟೋಪ್ಲಾಸ್ಮಾ ಮೈಕೋಪ್ಲಾಸ್ಮಾಗಳ ಹತ್ತಿರದ ಬಂಧು. ಮೈಕೋಪ್ಲಾಸ್ಮಾಗಳಲ್ಲಿ ಕೆಲವು ಮನುಷ್ಯರಿಗೆ ನ್ಯುಮೋನಿಯಾ ತರುತ್ತವೆ, ಕೆಲವು ದನಗಳ ಶ್ವಾಸಕೋಶಕ್ಕೆ ರೋಗ ತರುತ್ತವೆ. ಬಂಧುಗಳಲ್ಲೇ ಒಬ್ಬ ನಮ್ಮ ಬೋರ್ಡಿನ ಬಲಗಡೆ, ಇನ್ನೊಬ್ಬನಿಗೆ ಬೋರ್ಡಿನಲ್ಲಿ ಜಾಗವೇ ಇಲ್ಲ. ಯಾಕೆಂದರೆ ನಮ್ಮ ಎರಡೂ ಪಟ್ಟಿಗಳು ಮನುಷ್ಯನ ಲಾಭ-ನಷ್ಟದ ಪಟ್ಟಿಗಳು.

ಇದು ಬರೀ ಪಾಠದ ದೋಷವಲ್ಲ, ಇದರಿಂದ ನಷ್ಟ ಆಗಿದೆ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಮಕ್ಕಳೇ ತೋಡಿದ ಗೊಬ್ಬರದ ಗುಂಡಿ ಇತ್ತು. ತಪಾಸಣೆಗೆ ಬರುತ್ತಾರೆ ಎಂದಾಗ 'ಹುಳ ಆಗಿದೆ, ಗಲೀಜು' ಅಂತ ಅದಕ್ಕೆ ಕೀಟನಾಶಕದ ಪುಡಿ ಎರಚಿದೆವು. ಅಂಗಡಿಯಿಂದ ಪುಡಿ ತಂದವನು ನಾನೇ. ಎಲೆಯನ್ನು ಮಣ್ಣು ಮಾಡುತ್ತಿದ್ದವರನ್ನೇ ಕೊಂದೆವು. ಹುಳ ಅಂದರೆ ಕೊಳಕು, ಬ್ಯಾಕ್ಟೀರಿಯಾ ಅಂದರೆ ರೋಗ ಅಂತ ಕಲಿಸಿದ ಮೇಲೆ ಮಕ್ಕಳು ಯಾಕೆ ಬೇಡ ಅಂತಾರೆ? ಒಬ್ಬರೂ ಅನ್ನಲಿಲ್ಲ.

'ಹಾಗಾದರೆ ಕೈ ತೊಳೆಯೋದು ಬೇಡವಾ?' ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಖಂಡಿತ ಬೇಕು. ಟೈಫಾಯ್ಡ್ ಸುಳ್ಳಲ್ಲ, ಮಣ್ಣು ಮುಟ್ಟಿದ ಮೇಲೆ ಸೋಪು ಹಾಕಲೇಬೇಕು. ಪಾಠವನ್ನು ಕಿತ್ತುಹಾಕಿ ಎಂದೂ ನಾನು ಹೇಳುತ್ತಿಲ್ಲ. ಬೋರ್ಡಿನ ಗೆರೆಯ ಕೆಳಗೆ ಎರಡು ಪ್ರಶ್ನೆ ಸೇರಿಸೋಣ: ಯಾರಿಗೆ ಮಿತ್ರ? ಯಾವ ಪರಿಸ್ಥಿತಿಯಲ್ಲಿ?

ಜೊತೆಗೆ ಒಂದು ಚಟುವಟಿಕೆ. ಎರಡು ಡಬ್ಬಿಗಳಲ್ಲಿ ಸಮ ತೂಕದ, ಕೊಳೆಯತೊಡಗಿದ ಒದ್ದೆ ಎಲೆ ಹಾಕಿ. ಒಂದರಲ್ಲಿ ಹತ್ತು ಹುಳ ಬಿಡಿ, ಇನ್ನೊಂದು ಹಾಗೇ ಇರಲಿ. ಮುಚ್ಚಳಕ್ಕೆ ತೂತು ಮಾಡಿ, ತೇವ ಆರದಂತೆ ನೆರಳಿನಲ್ಲಿಡಿ. ನಾಲ್ಕು ವಾರ ಮಕ್ಕಳೇ ಬರೆದಿಡಲಿ, ಆಮೇಲೆ ಹುಳಗಳನ್ನು ಸಿಕ್ಕಿದ ಜಾಗಕ್ಕೇ ಬಿಡಲಿ. ಈ ಪ್ರಯೋಗ ತೋರಿಸುವುದು ಹುಳ ಎಲೆ ತಿನ್ನುವುದನ್ನು ಮಾತ್ರ, ಬ್ಯಾಕ್ಟೀರಿಯಾದ ಕೆಲಸವನ್ನಲ್ಲ. ಹೆಪಟೋಪ್ಲಾಸ್ಮಾ ಅಧ್ಯಯನ ನಡೆದದ್ದು ಯುರೋಪಿನ ಪ್ರಭೇದದ ಮೇಲೆ, ಅದನ್ನು ನಮ್ಮ ಕುಂಡದಡಿಯ ಹುಳಕ್ಕೆ ಹಾಗೇ ಅಂಟಿಸಬಾರದು. ಇವೆರಡನ್ನೂ ಮಕ್ಕಳಿಗೆ ಬಿಡಿಸಿ ಹೇಳಿ. ಕಂಡದ್ದೆಷ್ಟು, ಓದಿದ್ದೆಷ್ಟು ಅಂತ ಬೇರೆ ಮಾಡುವುದೂ ವಿಜ್ಞಾನದ ಪಾಠವೇ.

ಅಕ್ಕನ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಪರೀಕ್ಷೆಲಿ ಏನಂತ ಬರೀಲಿ ಮಾವ?" ಅಂದಳು. ಅದಕ್ಕೆ ಉತ್ತರ ಕೊಡಬೇಕಾದವರು ಪ್ರಶ್ನೆಪತ್ರಿಕೆ ತಯಾರಿಸುವ ನಾವೇ. ಮುಂದಿನ ಘಟಕ ಪರೀಕ್ಷೆಯಲ್ಲಿ 'ಯಾರಿಗೆ?' ಎಂದು ಕೇಳುವ ಎರಡು ಅಂಕದ ಪ್ರಶ್ನೆ ಒಂದಾದರೂ ಇರಲಿ. ಈ ಹುಳಕ್ಕೆ ನಿಮ್ಮೂರಲ್ಲಿ ಏನಂತಾರೆ ಅಂತಲೂ ಪತ್ರಿಕೆಗೆ ಬರೆದು ತಿಳಿಸಿ.