ಮುದ್ರೆಯಿಲ್ಲದ ಚೀಟಿ

ಮನೆಯ ಬಾಗಿಲಿಗೆ ಗಟ್ಟಿಯಾದ ಬೀಗವನ್ನು ಹಾಕಿ, ಬೀಗದ ಕೈಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡ ಗೃಹಸ್ಥನು ನಿಶ್ಚಿಂತನಾಗಿ ಮಲಗುತ್ತಾನೆ. ಆದರೆ ಈಗ ನಮ್ಮ ಹಣ, ಪತ್ರವ್ಯವಹಾರ, ಮಕ್ಕಳ ಭಾವಚಿತ್ರಗಳು, ವೈದ್ಯರ ವರದಿಗಳು ಇವುಗಳಲ್ಲಿ ಬಹುಪಾಲು ಮನೆಯೊಳಗಿಲ್ಲ, ದೂರದ ಗಣಕಯಂತ್ರಗಳಲ್ಲಿವೆ. ಅಲ್ಲಿಯ ಬಾಗಿಲನ್ನು ಕಾಯತಕ್ಕವನು ನಮ್ಮ ಮುಖವನ್ನು ಕಂಡವನಲ್ಲ. ಅವನು ನೋಡುವುದು ಒಂದು ಚೀಟಿಯನ್ನು ಮಾತ್ರ. ಆ ಚೀಟಿಯ ವಿಚಾರವನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇವೆ. ಏಕೆಂದರೆ, ಪಾಸ್‌ವರ್ಡನ್ನು ನಾವು ಎಷ್ಟು ಗುಟ್ಟಾಗಿಟ್ಟುಕೊಂಡರೂ, ಚೀಟಿಯ ಪರೀಕ್ಷೆಯಲ್ಲಿ ದೋಷವಿದ್ದರೆ ಆ ಗುಟ್ಟಿನಿಂದ ಪ್ರಯೋಜನವಿಲ್ಲ.

ಕದ್ರಿಯ ಮಂಜುನಾಥ ದೇವಸ್ಥಾನಕ್ಕೆ ಹೋಗಿ ಸೇವೆ ಮಾಡಿಸತಕ್ಕವರು ಮೊದಲು ಹಣವನ್ನು ಸಲ್ಲಿಸಿ ರಶೀದಿಯನ್ನು ಪಡೆಯುತ್ತಾರೆ. ಒಳಗೆ ಪ್ರಸಾದ ಕೊಡುವವರು “ನೀವು ಯಾರು? ಹಣ ಕೊಟ್ಟಿರುವಿರೋ?” ಎಂದು ಪುನಃ ವಿಚಾರಿಸುವುದಿಲ್ಲ, ರಶೀದಿಯನ್ನು ನೋಡಿದರೆ ಸಾಕು. ಅಂತರ್ಜಾಲದಲ್ಲಿಯೂ ಇದೇ ಕ್ರಮ. ನಾವು ಒಮ್ಮೆ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕೆವೆಂದರೆ, ನಮ್ಮ ಮೊಬೈಲಿಗೆ ಒಂದು ಚೀಟಿ ಬರುತ್ತದೆ. ಇದಕ್ಕೆ ಟೋಕನ್ ಎಂದು ಹೆಸರು. ಆಮೇಲೆ ಪ್ರತಿಸಲವೂ ಮೊಬೈಲು ಆ ಚೀಟಿಯನ್ನು ತೋರಿಸುತ್ತದೆ, ಪಾಸ್‌ವರ್ಡನ್ನು ಕೇಳುವವರಿಲ್ಲ. ದಿನವೂ ಹೊಸದಾಗಿ ಗುರುತು ಹೇಳದೆ ನಾವು ಪತ್ರಗಳನ್ನು ಓದುವುದು ಇದರ ಬಲದಿಂದಲೇ. ಚೀಟಿ ಕಳ್ಳನ ಕೈಗೆ ಸಿಕ್ಕಿದರೆ, ಅಥವಾ ಕಳ್ಳನು ತಾನೇ ಒಂದನ್ನು ಬರೆದುಕೊಂಡರೆ, ಅವನೇ ನಾವಾಗುತ್ತಾನೆ.

ಇಂಥ ಚೀಟಿಗಳಲ್ಲಿ ಜೇಸನ್ ವೆಬ್ ಟೋಕನ್ ಎಂಬುದು ಬಹಳ ಪ್ರಚಾರದಲ್ಲಿದೆ. ಇದರ ನಿಯಮಗಳು 2015ನೆಯ ಮೇ ತಿಂಗಳಲ್ಲಿ ಪ್ರಕಟವಾದುವು. ಸಾಮಾನ್ಯವಾಗಿ ಚೀಟಿಯಲ್ಲಿ ಮೂರು ಭಾಗಗಳು. ತಲೆಬರಹದಲ್ಲಿ, ಯಾವ ಬಗೆಯ ಮುದ್ರೆಯನ್ನು ಒತ್ತಿದೆ ಎಂಬುದು, ನಡುವೆ, ಇದು ಯಾರದು, ಎಲ್ಲಿಗಾಗಿ ಕೊಟ್ಟದ್ದು, ಎಲ್ಲಿಯ ವರೆಗೆ ಸಲ್ಲುವುದು ಎಂಬ ವಿವರ, ಕೊನೆಯಲ್ಲಿ ಮುದ್ರೆ. ಈ ಮುದ್ರೆ ಅರಗಿನದಲ್ಲ, ಗಣಿತದ್ದು. ನಡುವಿನ ಒಂದಕ್ಷರವನ್ನು ತಿದ್ದಿದರೂ ಮುದ್ರೆ ಹೊಂದುವುದಿಲ್ಲ.

ಈ ಮುದ್ರೆಯನ್ನು ಪರೀಕ್ಷಿಸುವ ಕೆಲಸವನ್ನು ಪ್ರತಿಯೊಂದು ಸಂಸ್ಥೆಯೂ ಹೊಸದಾಗಿ ಬರೆಯುವುದಿಲ್ಲ. ಯಾರೋ ಬರೆದಿಟ್ಟ ಸಿದ್ಧ ತಂತ್ರಾಂಶವನ್ನು ತಂದು ಸೇರಿಸಿಕೊಳ್ಳುತ್ತಾರೆ. ಅದನ್ನು ಆ ಕಸುಬಿನವರು ಲೈಬ್ರರಿ ಎನ್ನುತ್ತಾರೆ. ಮನೆಯಲ್ಲಿ ಸಾರಿನ ಪುಡಿಯನ್ನು ಕುಟ್ಟದೆ ಅಂಗಡಿಯಿಂದ ತಂದಂತೆ. ಇದರಲ್ಲಿ ತಪ್ಪೇನೂ ಇಲ್ಲ. ಬಲ್ಲವರು ಮಾಡಿದ ಪುಡಿ ನಾವು ಮಾಡಿದ್ದಕ್ಕಿಂತ ಉತ್ತಮವಾಗಿರಲೂ ಬಹುದು. ಆದರೆ ಆ ಅಂಗಡಿಯ ಒಂದು ಡಬ್ಬಿಯಲ್ಲಿ ಹುಳು ಬಿದ್ದರೆ, ಸಾವಿರ ಮನೆಗಳ ಸಾರು ಒಂದೇ ದಿನ ಕೆಡುತ್ತದೆ.

ಹಾಗೆ ಆಯಿತೂ ಹೌದು. 2015ನೆಯ ಮಾರ್ಚಿಯಲ್ಲಿ ಟಿಮ್ ಮೆಕ್ಲೀನ್ ಎಂಬವರು ಇಂಥ ಹಲವು ಲೈಬ್ರರಿಗಳಲ್ಲಿದ್ದ ಎರಡು ದೋಷಗಳನ್ನು ಪ್ರಕಟಿಸಿದರು. ಮೊದಲನೆಯದನ್ನು ಕೇಳಿದರೆ ನಗು ಬರುತ್ತದೆ. “ಈ ಚೀಟಿಗೆ ಮುದ್ರೆಯಿಲ್ಲ” ಎಂದು ತಲೆಬರಹದಲ್ಲಿ ಬರೆಯುವುದಕ್ಕೂ ನಿಯಮದಲ್ಲಿ ಅವಕಾಶವಿತ್ತು. ಬೇರೆ ರೀತಿಯಲ್ಲಿ ಮೊದಲೇ ಪರೀಕ್ಷೆಯಾದ ಚೀಟಿಗಳಿಗಾಗಿ ಮಾಡಿದ ಸೌಕರ್ಯವದು. ಕೆಲವು ಲೈಬ್ರರಿಗಳಾದರೋ, ಹೊರಗಿನಿಂದ ಬಂದ ಚೀಟಿಯಲ್ಲಿಯೂ ಆ ಮಾತನ್ನು ಕಂಡು, “ಮುದ್ರೆ ಬೇಡವೆಂದು ಚೀಟಿಯೇ ಹೇಳುತ್ತಿದೆ, ಆದುದರಿಂದ ನೋಡತಕ್ಕದ್ದೇನೂ ಇಲ್ಲ, ಚೀಟಿ ಸಾಚಾ” ಎಂದು ತೀರ್ಪು ಕೊಡುತ್ತಿದ್ದುವು! ಕಳ್ಳನಿಗೆ ಇನ್ನೇನು ಬೇಕು? ಬೇಕಾದವರ ಹೆಸರನ್ನು ಬರೆದು, ಮುದ್ರೆಯಿಲ್ಲವೆಂದು ತಿಳಿಸಿ, ಒಳಗೆ ಹೋಗಬಹುದಾಗಿತ್ತು.

ಎರಡನೆಯದು ಸ್ವಲ್ಪ ಸೂಕ್ಷ್ಮವಾದುದು. ಮುದ್ರೆಗಳಲ್ಲಿ ಎರಡು ಜಾತಿ. ಒಂದರಲ್ಲಿ, ಚೀಟಿ ಕೊಡುವವನಿಗೂ ನೋಡುವವನಿಗೂ ಒಂದೇ ಗುಟ್ಟಿನ ಮಾತು ಗೊತ್ತಿರುತ್ತದೆ. ಇನ್ನೊಂದರಲ್ಲಿ, ಮುದ್ರೆಯುಂಗುರ ಕೊಡುವವನ ಬೆರಳಿನಲ್ಲಿಯೇ ಇರುತ್ತದೆ. ಅದರ ಅಚ್ಚನ್ನು ಮಾತ್ರ ಎಲ್ಲರೂ ಹೋಲಿಸಿ ನೋಡಲೆಂದು ಹೊರಗೆ ತೂಗಹಾಕಿರುತ್ತಾರೆ. ಕಳ್ಳನು ತೂಗಹಾಕಿದ ಅಚ್ಚನ್ನೇ ಗುಟ್ಟಿನ ಮಾತೆಂದು ಬಳಸಿ ಚೀಟಿಯನ್ನು ತಯಾರಿಸಿ, “ನನ್ನನ್ನು ಗುಟ್ಟಿನ ಮಾತಿನ ಕ್ರಮದಲ್ಲಿ ಪರೀಕ್ಷಿಸು” ಎಂದು ಅದರ ತಲೆಯ ಮೇಲೆ ಬರೆಯುತ್ತಾನೆ. ಕಾವಲುಗಾರನು ಮರುಮಾತಾಡದೆ ತನ್ನ ಕೈಯಲ್ಲಿದ್ದ ಅಚ್ಚನ್ನೇ ಗುಟ್ಟಿನ ಮಾತೆಂದು ಭಾವಿಸಿ ಹೋಲಿಸುತ್ತಾನೆ. ಎರಡೂ ಒಂದೇ ಆದುದರಿಂದ ಚೀಟಿ ಹೊಂದುತ್ತದೆ.

ಈ ಎರಡು ದೋಷಗಳ ಬೇರು ಒಂದೇ: ಪರೀಕ್ಷೆಗೆ ಬಂದವನ ಮಾತಿನಂತೆ ಪರೀಕ್ಷಕನು ನಡೆದದ್ದು. ಕದ್ರಿಯಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ, ಆಳುಪ ಅರಸನಾದ ಕುಂದವರ್ಮನು ಅದನ್ನು ಪ್ರತಿಷ್ಠಿಸಿದನೆಂದು ತಿಳಿಸುವ ಸಂಸ್ಕೃತ ಶಾಸನವಿದೆ. ಅದರ ಕಾಲ ಕ್ರಿ.ಶ. 968. ಯಾವ ಶಾಸನವಾದರೂ ತಾನು ಇಂಥ ಅರಸನದು, ಇಂಥ ಕಾಲದ್ದು ಎಂದು ಹೇಳಿಕೊಂಡ ಮಾತ್ರಕ್ಕೆ ವಿದ್ವಾಂಸರು ಒಪ್ಪುವುದಿಲ್ಲ. ಅಕ್ಷರಗಳ ಆಕಾರ, ಭಾಷೆ, ಕಾಲಗಣನೆ, ಇತರ ಶಾಸನಗಳೊಡನೆ ಹೊಂದಿಕೆ ಇವುಗಳನ್ನು ತಮ್ಮ ಶಾಸ್ತ್ರದ ಪ್ರಕಾರ ನೋಡುತ್ತಾರೆ. ತನ್ನನ್ನು ಹೇಗೆ ಪರೀಕ್ಷಿಸಬೇಕೆಂದು ಶಾಸನವು ಅವರಿಗೆ ವಿಧಿಸಲಾರದು. ಕಲ್ಲು ಕಂಚುಗಳ ವಿಷಯದಲ್ಲಿ ತೋರಿಸುವ ಈ ಎಚ್ಚರವನ್ನು ನಮ್ಮ ಹಣಕಾಸಿನ ಚೀಟಿಗಳಲ್ಲಿ ತೋರಿಸಬೇಡವೆ? 2020ನೆಯ ಫೆಬ್ರವರಿಯಲ್ಲಿ ಪ್ರಕಟವಾದ ಮಾರ್ಗಸೂಚಿಯು ಇದನ್ನೇ ಹೇಳಿತು: ಯಾವ ಮುದ್ರೆ ಸಲ್ಲುವುದೆಂಬುದನ್ನು ನೋಡುವವನು ಮೊದಲೇ ನಿಶ್ಚಯಿಸಿರಬೇಕು, ಬೇರೆಯದನ್ನು ಒಪ್ಪಕೂಡದು.

ಆದರೂ ಎಡವುವುದು ನಿಲ್ಲಲಿಲ್ಲ. 2022ನೆಯ ಏಪ್ರಿಲಿನಲ್ಲಿ, ಜಾವಾ ಎಂಬ ಪ್ರಸಿದ್ಧ ತಂತ್ರಾಂಶದ 15ರಿಂದ 18ರ ವರೆಗಿನ ಆವೃತ್ತಿಗಳಲ್ಲಿ ಒಂದು ಬಗೆಯ ಮುದ್ರೆಯ ಪರೀಕ್ಷೆ ಹದಗೆಟ್ಟಿದೆಯೆಂದು ನೀಲ್ ಮ್ಯಾಡನ್ ಎಂಬವರು ಪ್ರಕಟಿಸಿದರು. ಆ ಮುದ್ರೆಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಎರಡೂ ಸೊನ್ನೆಯಾಗಿದ್ದರೆ ಕೂಡಲೆ ತಳ್ಳಿಬಿಡಬೇಕು. ಅಲ್ಲಿ ಹಾಗೆ ತಳ್ಳದೆ, ಸೊನ್ನೆಗಳ ಮುದ್ರೆಯನ್ನು ಯಾವ ಚೀಟಿಗಾದರೂ ಸರಿಯೆಂದು ಒಪ್ಪುತ್ತಿತ್ತು. ಖಾಲಿ ಕಾಗದವನ್ನು ಹಸ್ತಾಕ್ಷರವೆಂದು ಒಪ್ಪಿದಂತಾಯಿತು.

ಮುದ್ರೆ ಸಾಚಾ ಆಗಿದ್ದರೂ ಚೀಟಿ ಬೇರೆ ಬಾಗಿಲಿನದ್ದಾಗಿರಬಹುದು. ಇದನ್ನು 2018ನೆಯ ಫೆಬ್ರವರಿಯಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ಆನಂದ ಪ್ರಕಾಶರು. ಪರಿಚಯ ಬೆಳೆಸಲು ತರುಣ ತರುಣಿಯರು ಬಳಸುವ ಟಿಂಡರ್ ಎಂಬ ಆಪು, ಫೇಸ್‌ಬುಕ್ಕಿನವರ ಅಕೌಂಟ್ ಕಿಟ್ ಎಂಬ ಸಲಕರಣೆ ಕೊಟ್ಟ ಚೀಟಿಯನ್ನು ನಂಬುತ್ತಿತ್ತು. ಆದರೆ ಆ ಚೀಟಿ ತನಗಾಗಿ ಕೊಟ್ಟದ್ದೋ ಬೇರೆ ಆಪಿಗಾಗಿ ಕೊಟ್ಟದ್ದೋ ಎಂದು ನೋಡುತ್ತಿರಲಿಲ್ಲ. ಅತ್ತ ಅಕೌಂಟ್ ಕಿಟ್ಟಿನಲ್ಲಿಯೂ, ಬರಿಯ ಫೋನ್ ನಂಬರಿನಿಂದ ಪರರ ಚೀಟಿಯನ್ನು ಪಡೆಯುವ ಸಂದು ಇತ್ತು. ಎರಡೂ ಸೇರಿ ಪರರ ಖಾತೆ ಕೈವಶವಾಗುತ್ತಿತ್ತು. ಇವರು ಅದನ್ನು ದುರುಪಯೋಗಪಡಿಸದೆ ಆಯಾ ಸಂಸ್ಥೆಗಳಿಗೆ ತಿಳಿಸಿದರು, ದೋಷ ಪರಿಹಾರವಾಯಿತು. ಫೇಸ್‌ಬುಕ್ಕಿನವರು 5,000 ಡಾಲರುಗಳನ್ನೂ ಟಿಂಡರಿನವರು 1,250 ಡಾಲರುಗಳನ್ನೂ ಬಹುಮಾನವಾಗಿ ಕೊಟ್ಟರು.

ಇನ್ನು ಮುದ್ರೆಯುಂಗುರವೇ ಕಳುವಾದರೆ? ಕೆಂಪುನಾರಾಯಣನ “ಮುದ್ರಾಮಂಜೂಷ”ವನ್ನು (1823) ಓದಿದವರಿಗೆ ಇದು ಹೊಸದಲ್ಲ. ರಾಕ್ಷಸಮಂತ್ರಿಯ ಉಂಗುರ ಚಾಣಕ್ಯನ ಕೈಗೆ ಸಿಕ್ಕಿತು. ಅದನ್ನೊತ್ತಿದ ಸುಳ್ಳು ಕಾಗದವೊಂದು ಆ ಮಂತ್ರಿಯ ಮೈತ್ರಿಯನ್ನೇ ಮುರಿಯಿತು. ಮುದ್ರೆ ನಿಜವಾದುದೇ, ಒತ್ತಿದ ಕೈ ಮಾತ್ರ ಬೇರೆ. 2023ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಗೆ ಇದೇ ಗತಿಯಾಯಿತು. ಸಾಮಾನ್ಯ ಬಳಕೆದಾರರ ಚೀಟಿಗಳಿಗೆ ಒತ್ತತಕ್ಕ ಅವರ ಮುದ್ರೆಯೊಂದು ಪರರ ಕೈಸೇರಿತು. ಪರೀಕ್ಷೆಯ ದೋಷದಿಂದ ಅದು ಸಂಸ್ಥೆಗಳ ಪತ್ರಗಳ ಬಾಗಿಲನ್ನೂ ತೆರೆಯಿತು. ಸುಮಾರು 25 ಸಂಸ್ಥೆಗಳ ಪತ್ರವ್ಯವಹಾರ ಬಯಲಾಯಿತು. ಅಮೆರಿಕದ ಸರಕಾರಿ ಇಲಾಖೆಗಳೂ ಅವುಗಳಲ್ಲಿದ್ದುವು.

ಇದನ್ನೆಲ್ಲ ತಿಳಿದು ಗೃಹಸ್ಥನು ಮಾಡತಕ್ಕದ್ದೇನು? ಲೈಬ್ರರಿಯನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಆದರೆ ತಿದ್ದಿದ್ದು ನಮ್ಮ ಮನೆಗೆ ಬರುವಂತೆ ನೋಡಿಕೊಳ್ಳಬಹುದು. ಮೊಬೈಲಿನ ಆಪುಗಳಿಗೆ ಹೊಸ ಆವೃತ್ತಿ ಬಂದಾಗ “ನಾಳೆ ನೋಡೋಣ” ಎನ್ನಬಾರದು. ಸಂದೇಹ ಹುಟ್ಟಿದಾಗ ಪಾಸ್‌ವರ್ಡನ್ನು ಬದಲಾಯಿಸಿದರೆ ಸಾಲದು. ಹಳೆಯ ಚೀಟಿ ಇನ್ನೂ ಸಲ್ಲುತ್ತಿರಬಹುದು. ಎಲ್ಲ ಯಂತ್ರಗಳಿಂದ ಹೊರಬರುವ ಸೌಲಭ್ಯವಿದ್ದಲ್ಲಿ ಅದನ್ನೂ ಒತ್ತಬೇಕು. ಗೂಗಲ್, ಫೇಸ್‌ಬುಕ್ ಮುಂತಾದ ಖಾತೆಗಳ ಮೂಲಕ ಹಿಂದೆಂದೋ ಅನುಮತಿ ಕೊಟ್ಟು ಮರೆತ ಆಪುಗಳನ್ನು ಆಗಾಗ ತೆಗೆದುಹಾಕಬೇಕು. ಹಣ ಹೋದುದು ಕಂಡರೆ ಒಡನೆಯೇ 1930 ಎಂಬ ನಂಬರಿಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಹಣ ಹೋಯಿತೆಂದರೆ, “ಅಜ್ಜಿ ಯಾರಿಗೋ ಓಟಿಪಿ ಹೇಳಿರಬೇಕು” ಎಂದು ಎಲ್ಲರೂ ವೃದ್ಧರ ಮೇಲೆ ಬೀಳುವುದುಂಟು. ಹೇಳಿರಲೂ ಬಹುದು, ಆದರೆ ಹೇಳಿಯೇ ಇರಬೇಕೆಂದಿಲ್ಲ. 2017ನೆಯ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಈ ಭೇದವನ್ನು ಗುರುತಿಸಿತು. ದೋಷವು ಬ್ಯಾಂಕಿನಲ್ಲಿಯೂ ಗ್ರಾಹಕನಲ್ಲಿಯೂ ಇಲ್ಲದೆ ವ್ಯವಸ್ಥೆಯಲ್ಲಿ ಬೇರೆಲ್ಲೋ ಇದ್ದು, ಗ್ರಾಹಕನು ಬ್ಯಾಂಕಿನ ತಿಳಿವಳಿಕೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ನಷ್ಟ ಅವನದಲ್ಲವೆಂದು ವಿಧಿಸಿತು. ಬ್ಯಾಂಕಿನದೇ ಅಜಾಗ್ರತೆಯಾದರೆ, ಅವನು ತಿಳಿಸದಿದ್ದರೂ ನಷ್ಟ ಅವನದಲ್ಲವೆಂದಿತು. ಆದಕಾರಣ, ಮೊದಲು ದೂರು, ಅನಂತರ ವಿಚಾರಣೆ. ಬೈಗುಳ ಎಲ್ಲಕ್ಕಿಂತ ಕೊನೆಗೆ. ಕಾವಲುಗಾರನು ಚೀಟಿಯನ್ನು ಸರಿಯಾಗಿ ನೋಡದೆ ಕಳ್ಳನನ್ನು ಒಳಗೆ ಬಿಟ್ಟಿದ್ದರೆ, ಮನೆಯೊಳಗೆ ಮಲಗಿದ್ದವರನ್ನು ಎಬ್ಬಿಸಿ ಗದರಿಸುವುದು ನ್ಯಾಯವಲ್ಲ.