ಕಾಲುದಾರಿ ಕೊರಕಲಾಗದಿರಲಿ

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ವೇಳೆ, ಕುಮಾರಪರ್ವತದ ಕಾಲುದಾರಿಯಲ್ಲಿ ಜಾತ್ರೆಯೋಪಾದಿಯಲ್ಲಿ ನೆರೆದ ಚಾರಣಿಗರ ಚಿತ್ರಗಳನ್ನು ನಾಡೆಲ್ಲ ಕಂಡಿತು. ಅದರ ಬೆನ್ನಲ್ಲೇ ಅರಣ್ಯ ಇಲಾಖೆಯು ಆನ್‌ಲೈನ್ ನೋಂದಣಿ ಇಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಅಕ್ಟೋಬರ್‌ನಲ್ಲಿ ಒಂದು ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯೊಡನೆ ಮತ್ತೆ ತೆರೆಯಿತು. ಈ ಕ್ರಮ ಸ್ವಾಗತಾರ್ಹ. ಆದರೆ ತಲೆ ಎಣಿಸಿದ ಮಾತ್ರಕ್ಕೆ ನೆಲ ಉಳಿಯದು. ಆ ಕಾಲುಗಳು ಯಾವ ನೆಲದ ಮೇಲೆ, ಯಾವ ಕಾಲದಲ್ಲಿ ಬೀಳುತ್ತವೆ ಎಂಬುದೂ ಅಷ್ಟೇ ಮುಖ್ಯ.

ಕುದುರೆಮುಖವನ್ನೇ ನೋಡೋಣ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಗಿರಿಶ್ರೇಣಿ ತುಂಗಾ, ಭದ್ರಾ, ನೇತ್ರಾವತಿಗಳ ತವರು. ಭದ್ರೆಗೆ ಹೂಳು ತುಂಬುತ್ತಿದ್ದ ಅದಿರಿನ ಗಣಿ, ಸುದೀರ್ಘ ಹೋರಾಟ ಹಾಗೂ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಫಲವಾಗಿ 2005ರ ಕೊನೆಗೆ ನಿಂತಿತು. ಗಣಿಗೂ ಚಾರಣಕ್ಕೂ ಹೋಲಿಕೆಯಿಲ್ಲ, ನಿಜ. ಆದರೂ ಅಂದು ಉಳಿಸಿಕೊಂಡ ಮಣ್ಣು ಇಂದು ಬೂಟುಗಳಡಿ ಸವೆಯಬಾರದು.

ಗುಡ್ಡದ ಹುಲ್ಲು ಮಳೆಹನಿಯ ಹೊಡೆತವನ್ನು ತಡೆದು ನೀರನ್ನು ನೆಲದೊಳಗೆ ಇಳಿಸುತ್ತದೆ. ಬೇಸಿಗೆಯಲ್ಲಿ ಶೋಲಾದ ಮಡಿಲಿನಿಂದ ಹರಿದು ಬರುವ ಜರಿ ಆ ನೀರೇ. ತುಳಿತದಿಂದ ಹುಲ್ಲು ಸತ್ತು ಮಣ್ಣು ಗಟ್ಟಿಯಾದಾಗ ನೀರು ಇಂಗದೆ ದಾರಿಯುದ್ದಕ್ಕೂ ಓಡುತ್ತದೆ, ದಾರಿ ಕೊರಕಲಾಗುತ್ತದೆ. ಕೆಸರಿಗೆ ಅಂಜಿದ ಮುಂದಿನ ಚಾರಣಿಗ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾನೆ. ಹೀಗೆ ಒಂದು ದಾರಿ ಎರಡಾಗಿ, ಎರಡು ನಾಲ್ಕಾಗುತ್ತವೆ. ಬಟ್ಟೆ, ಬೂಟುಗಳಿಗೆ ಅಂಟಿದ ಕಳೆಬೀಜಗಳು ಆ ಬರಿನೆಲದಲ್ಲಿ ಬೇರೂರುತ್ತವೆ.

ಪರಿಹಾರ ಮಲೆನಾಡಿನ ರೈತನಿಗೆ ಹೊಸತಲ್ಲ. ಮಳೆಗೆ ಮುನ್ನ ಅಡಕೆ ತೋಟದ ಬಸಿಗಾಲುವೆ ಬಿಡಿಸುವ ಜಾಣ್ಮೆಯೇ ಇಲ್ಲಿಯೂ ಬೇಕು. ದಾರಿಗೆ ಅಡ್ಡಲಾಗಿ ಓರೆಯಾಗಿ ಕಲ್ಲು ಹುಗಿದು ನೀರನ್ನು ಅಲ್ಲಲ್ಲಿ ಹುಲ್ಲಿಗೆ ತಿರುಗಿಸಬೇಕು. ನೇರ ಏರಿನ ಒಳದಾರಿಗಳನ್ನು ಮುಳ್ಳು ಹಾಕಿ ಮುಚ್ಚಬೇಕು. ನೆಲ ನೆನೆದು ಮೆತ್ತಗಾದ ಮುಂಗಾರಿನ ವಾರಗಳಲ್ಲಿ ಕಡಿದಾದ ಪಥಗಳಿಗೆ ಬಿಡುವು ಕೊಡಬೇಕು. ಇದರಿಂದ ಹೋಂಸ್ಟೇ, ಜೀಪು, ಮಾರ್ಗದರ್ಶನಗಳನ್ನು ನಂಬಿದ ಮನೆಗಳಿಗೆ ನಷ್ಟವಾಗುವುದು ಸಹಜ. ಆದ್ದರಿಂದ ಚಾರಣಶುಲ್ಕದ ಒಂದು ಪಾಲನ್ನು ದಾರಿ ದುರಸ್ತಿಗೆ ಮೀಸಲಿರಿಸಿ, ಆ ಕೂಲಿಯನ್ನು ಅದೇ ಊರಿನ ಯುವಕರಿಗೆ ಕೊಡುವುದು ನ್ಯಾಯ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ತಮ್ಮೂರ ಗುಡ್ಡದ ಕಾಲುದಾರಿಯ ಹತ್ತು ಕಡೆ ಗುರುತು ಮಾಡಿ, ಅಗಲ ಮತ್ತು ಆಳವನ್ನು ಮಳೆಗೆ ಮೊದಲು ಹಾಗೂ ಮಳೆಯ ನಂತರ ಅಳೆದು ಬರೆದಿಡಲಿ. ಮೂರು ವರ್ಷಗಳ ಅಂತಹ ಲೆಕ್ಕ ಗ್ರಾಮಸಭೆಯ ಮುಂದಿದ್ದರೆ, ದಾರಿಯನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಊರೇ ಅಧಿಕಾರವಾಣಿಯಿಂದ ಹೇಳಬಹುದು.